ಮ್ಯಾಮೊಗ್ರಾಂ ನಾರ್ಮಲ್, ಆದರೆ ಸ್ತನ ಡೆನ್ಸ್: ಅಲ್ಟ್ರಾಸೌಂಡ್ ಬಗ್ಗೆ ಯಾಕೆ ಕೇಳಬೇಕು?

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡವರು ರಿಪೋರ್ಟ್ ಕೈಗೆ ಬಂದ ಕೂಡಲೇ ನೋಡುವುದು ಕೊನೆಯ ಸಾಲನ್ನು. ಅಲ್ಲಿ 'ನಾರ್ಮಲ್' ಅಂತಲೋ 'ಬಿ-ರಾಡ್ಸ್ 1' (ಫಲಿತಾಂಶ ಹೇಳುವ ಅಂಕಿ) ಅಂತಲೋ ಇದ್ದರೆ ಮನಸ್ಸು ಹಗುರಾಗುತ್ತದೆ. ಕಾಗದ ಮಡಚಿ ಫೈಲಿಗೆ ಸೇರಿಸಿ ಮನೆಗೆ ಹೊರಡುತ್ತಾರೆ. ಅದೇ ರಿಪೋರ್ಟಿನಲ್ಲಿ ಸ್ವಲ್ಪ ಮೇಲೆ, ಸ್ತನ ಎಷ್ಟು ಡೆನ್ಸ್ ಅಂದರೆ ದಟ್ಟ ಅನ್ನುವ ಇನ್ನೊಂದು ಸಾಲು ಇರುತ್ತದೆ. 'ಎಸಿಆರ್ ಟೈಪ್ ಸಿ' ಅಥವಾ 'ಟೈಪ್ ಡಿ' ಅಂತ, ಇಲ್ಲವೇ 'ಹೆಟರೋಜೀನಿಯಸ್ಲಿ ಡೆನ್ಸ್' ಅಂತ. ಕೊನೆಯ ಸಾಲನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದು ಈ ಸಾಲಿನಲ್ಲಿದೆ. ಬಹಳ ಮಂದಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ.

ಸ್ತನದ ಒಳಗೆ ಒಂದಿಷ್ಟು ಕೊಬ್ಬು ಇರುತ್ತದೆ. ಜೊತೆಗೆ ಹಾಲಿನ ಗ್ರಂಥಿಗಳು, ನಾಳಗಳು, ಅವನ್ನೆಲ್ಲ ಹಿಡಿದಿಡುವ ನಾರಿನಂಥ ಅಂಗಾಂಶ. ಎಕ್ಸ್‌ರೇ ಕಿರಣ ಕೊಬ್ಬನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಗೆ, ಬೂದುಬೂದಾಗಿ ಕಾಣುತ್ತದೆ. ಗ್ರಂಥಿ ಮತ್ತು ನಾರು ಕಿರಣವನ್ನು ತಡೆಯುತ್ತವೆ, ಆದ್ದರಿಂದ ಬೆಳ್ಳಗೆ ಕಾಣುತ್ತವೆ. ತೊಂದರೆ ಶುರುವಾಗುವುದು ಇಲ್ಲೇ. ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಕೊಬ್ಬು ಜಾಸ್ತಿ ಇರುವ ಸ್ತನದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗಡ್ಡೆ ಎದ್ದು ಕಾಣುತ್ತದೆ. ಗ್ರಂಥಿ, ನಾರು ತುಂಬಿರುವ ಸ್ತನದಲ್ಲಿ ಅದನ್ನು ಹುಡುಕುವುದೆಂದರೆ ಮೊಸರನ್ನದ ತಟ್ಟೆಯಲ್ಲಿ ತೆಂಗಿನಕಾಯಿಯ ಒಂದು ಚೂರನ್ನು ಹುಡುಕಿದ ಹಾಗೆ. ಅನುಭವಿ ರೇಡಿಯಾಲಜಿಸ್ಟ್‌ಗೂ ಅದು ಕಾಣದೆ ಹೋಗಬಹುದು.

ಗ್ರಂಥಿ, ನಾರು ಎಷ್ಟಿದೆ ಅನ್ನುವ ಈ ದಟ್ಟಣೆಯನ್ನು ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ. ಎ ಅಂದರೆ ಹೆಚ್ಚುಕಮ್ಮಿ ಪೂರ್ತಿ ಕೊಬ್ಬು. ಬಿ ಅಂದರೆ ಅಲ್ಲಲ್ಲಿ ದಟ್ಟ. ಸಿ ಅಂದರೆ ಬಹುಪಾಲು ದಟ್ಟ. ಡಿ ಅಂದರೆ ತೀರಾ ದಟ್ಟ. ಸಿ ಮತ್ತು ಡಿ ಬಂದವರನ್ನು 'ಡೆನ್ಸ್' ಗುಂಪಿಗೆ ಸೇರಿಸುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಮ್ಯಾಮೊಗ್ರಾಂ ಮಾಡಿಸುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಈ ಗುಂಪಿನವರು. ಸಿ ಸುಮಾರು ಶೇ 40, ಡಿ ಸುಮಾರು ಶೇ 10. ಅಂದರೆ ಇದು ಕಾಯಿಲೆಯಲ್ಲ, ಅಪರೂಪದ ಸಂಗತಿಯೂ ಅಲ್ಲ. ವಯಸ್ಸು ಕಮ್ಮಿ ಇದ್ದಷ್ಟೂ ದಟ್ಟಣೆ ಜಾಸ್ತಿ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕಮ್ಮಿಯಾಗುತ್ತದೆ. ತೆಳ್ಳಗಿರುವವರಲ್ಲಿ, ಹಾಲೂಡಿಸುತ್ತಿರುವವರಲ್ಲಿ, ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜಾಸ್ತಿ ಕಾಣುತ್ತದೆ. ಏಷ್ಯಾದ ಹೆಂಗಸರಲ್ಲಿ ಡೆನ್ಸ್ ಇರುವವರ ಪಾಲು ಹೆಚ್ಚು.

ಮುಟ್ಟಿ ನೋಡಿದರೆ ದಟ್ಟಣೆ ಗೊತ್ತಾಗುವುದಿಲ್ಲ. ಸ್ತನ ಗಟ್ಟಿಯಾಗಿದೆ, ಮೆತ್ತಗಿದೆ, ದೊಡ್ಡದು, ಚಿಕ್ಕದು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮ್ಯಾಮೊಗ್ರಾಂ ಮಾಡಿಸಿದ ಮೇಲೇ ತಿಳಿಯುವುದು.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ದಟ್ಟ ಅಂಗಾಂಶ ಗಡ್ಡೆಯನ್ನು ಮರೆಮಾಡುವುದಷ್ಟೇ ಅಲ್ಲ, ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಡಿ ಗುಂಪಿನವರನ್ನು ಎ ಗುಂಪಿನವರ ಜೊತೆ ಹೋಲಿಸಿದರೆ ಅಪಾಯ ನಾಲ್ಕೈದು ಪಟ್ಟು ಅಂತ ಹಲವು ಕಡೆ ಓದುತ್ತೀರಿ. ಆ ಮಾತು ಸುಳ್ಳಲ್ಲ, ಆದರೆ ಅದು ಎರಡು ತುದಿಗಳ ಹೋಲಿಕೆ. ಸಾಮಾನ್ಯ ದಟ್ಟಣೆಯವರ ಜೊತೆ ಹೋಲಿಸಿದರೆ ಹೆಚ್ಚೆಂದರೆ ಎರಡು ಪಟ್ಟಿನ ಆಸುಪಾಸು. ಗಾಬರಿಯಾಗುವ ಅಂಕಿ ಅಲ್ಲ, ಹಾಗಂತ ಕಡೆಗಣಿಸುವಂಥದ್ದೂ ಅಲ್ಲ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೊ ಈ ವಿಷಯವನ್ನು ಜಗತ್ತಿನ ಗಮನಕ್ಕೆ ತಂದವರು. ವರ್ಷ ತಪ್ಪದೆ ಮ್ಯಾಮೊಗ್ರಾಂ ಮಾಡಿಸುತ್ತಿದ್ದರು. ಹನ್ನೊಂದು ವರ್ಷವೂ ನಾರ್ಮಲ್ ಅಂತಲೇ ಬಂತು. 2004ರಲ್ಲಿ, ನಾರ್ಮಲ್ ರಿಪೋರ್ಟ್ ಬಂದ ಆರೇ ವಾರದಲ್ಲಿ, ಅವರ ಡಾಕ್ಟರ ಕೈಗೆ ಸ್ತನದಲ್ಲಿ ಏನೋ ಉಬ್ಬು ಸಿಕ್ಕಿತು. ಮತ್ತೆ ಮ್ಯಾಮೊಗ್ರಾಂ ಮಾಡಿದರು, ಏನೂ ಕಾಣಲಿಲ್ಲ. ಅಲ್ಟ್ರಾಸೌಂಡ್ ಮಾಡಿದಾಗ ಎರಡೂವರೆ ಸೆಂಟಿಮೀಟರ್ ಗಡ್ಡೆ ಕಂಡಿತು. ಅಷ್ಟರಲ್ಲಿ ಅದು ಕಂಕುಳಿನ 13 ಲಿಂಫ್ ಗಂಟುಗಳಿಗೆ ಹರಡಿತ್ತು. ನನ್ನ ಸ್ತನ ಡೆನ್ಸ್ ಅನ್ನುವುದು ಇಷ್ಟು ವರ್ಷ ನನಗೆ ಯಾಕೆ ಗೊತ್ತಿರಲಿಲ್ಲ ಎಂದು ಕೇಳಿದಾಗ, ಅದನ್ನು ರೋಗಿಗೆ ಹೇಳುವ ರೂಢಿಯೇ ಇಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಅವರ ಹೋರಾಟದಿಂದ 2009ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾನೂನು ಬಂತು: ದಟ್ಟಣೆಯ ವಿಷಯವನ್ನು ಮಹಿಳೆಗೆ ತಿಳಿಸಲೇಬೇಕು. ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು. 2024ರ ಸೆಪ್ಟೆಂಬರ್ 10ರಿಂದ ಇಡೀ ಅಮೆರಿಕದಲ್ಲಿ ಇದು ಕಡ್ಡಾಯ. ಅದನ್ನು ನೋಡಲು ಕಪೆಲ್ಲೊ ಇರಲಿಲ್ಲ. 2018ರಲ್ಲಿ ತೀರಿಕೊಂಡಿದ್ದರು.

ಅಲ್ಟ್ರಾಸೌಂಡ್‌ಗೆ ಕಾಣುವುದು ಏನು?

ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಇಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತಾರೆ. ಮಲಗಿಸಿ, ಒಂದು ಕೈಯನ್ನು ತಲೆಯ ಹಿಂದೆ ಇಡಿಸುತ್ತಾರೆ. ತಣ್ಣಗಿನ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಸ್ತನವನ್ನೆಲ್ಲ ಸಾಲುಸಾಲಾಗಿ ನೋಡುತ್ತಾ ಕಂಕುಳಿನವರೆಗೂ ಹೋಗುತ್ತಾರೆ. ಮ್ಯಾಮೊಗ್ರಾಂನಲ್ಲಿ ಆಗುವ ಹಾಗೆ ಎರಡು ಪ್ಲೇಟಿನ ನಡುವೆ ಒತ್ತುವುದಿಲ್ಲ, ನೋವಿಲ್ಲ.

ಗಮನಿಸಬೇಕಾದದ್ದು ಬಣ್ಣದ ಆಟವನ್ನು. ಅಲ್ಟ್ರಾಸೌಂಡ್‌ನಲ್ಲೂ ದಟ್ಟ ಅಂಗಾಂಶ ಬೆಳ್ಳಗೇ ಕಾಣುತ್ತದೆ. ಆದರೆ ಕ್ಯಾನ್ಸರ್ ಗಡ್ಡೆ ಇಲ್ಲಿ ಕಪ್ಪಗೆ ಕಾಣುತ್ತದೆ. ಮ್ಯಾಮೊಗ್ರಾಂನಲ್ಲಿ ಬಿಳಿಯೊಳಗೆ ಬಿಳಿಯಾಗಿ ಅಡಗಿದ್ದು ಇಲ್ಲಿ ಬಿಳಿಯೊಳಗೆ ಕಪ್ಪಾಗಿ ಹೊರಬೀಳುತ್ತದೆ. ಡೆನ್ಸ್ ಇರುವವರಿಗೆ ಅಲ್ಟ್ರಾಸೌಂಡ್ ಸೇರಿಸಬೇಕು ಅನ್ನುವ ವಾದದ ತಿರುಳೇ ಇದು. ಆಕಾರವೂ ಸುಳಿವು ಕೊಡುತ್ತದೆ. ನೀರು ತುಂಬಿದ ಸಿಸ್ಟ್ ಅಚ್ಚ ಕಪ್ಪಗಿರುತ್ತದೆ, ಅಂಚು ನಯವಾಗಿರುತ್ತದೆ, ಅದರ ಹಿಂದಿನ ಭಾಗ ಹೊಳೆಯುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಅಂಚು ಒರಟಾಗಿದ್ದು, ಅಗಲಕ್ಕಿಂತ ಎತ್ತರವೇ ಹೆಚ್ಚಿದ್ದು, ಹಿಂದೆ ನೆರಳು ಬಿದ್ದರೆ ರೇಡಿಯಾಲಜಿಸ್ಟ್ ಅಲ್ಲೇ ಪ್ರೋಬ್ ನಿಲ್ಲಿಸುತ್ತಾರೆ.

ಹಾಗಾದರೆ ಮ್ಯಾಮೊಗ್ರಾಂ ಯಾಕೆ ಬೇಕು, ಸುಮ್ನೆ ಸ್ಕ್ಯಾನಿಂಗ್ ಒಂದನ್ನೇ ಮಾಡಿಸಿದರೆ ಸಾಲದೇ? ಈ ಪ್ರಶ್ನೆ ಬರುವುದು ಸಹಜ. ಒತ್ತಿಸಿಕೊಳ್ಳುವ ನೋವಿಗೆ, ಎಕ್ಸ್‌ರೇ ಭಯಕ್ಕೆ ಎಷ್ಟೋ ಜನ ಮ್ಯಾಮೊಗ್ರಾಂ ತಪ್ಪಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಲಿನ ನಾಳದೊಳಗೇ ಇರುವ, ಇನ್ನೂ ಹೊರಗೆ ಹರಡದ ಕ್ಯಾನ್ಸರ್ ಎಷ್ಟೋ ಸಲ ಗಡ್ಡೆಯಾಗಿ ಕಾಣುವುದೇ ಇಲ್ಲ. ಉಪ್ಪಿನ ಹರಳಿಗಿಂತ ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳ ಗುಂಪಾಗಿ ಕಾಣುತ್ತದೆ. ಅವು ಸಿಗುವುದು ಮ್ಯಾಮೊಗ್ರಾಂನಲ್ಲಿ. ಅಲ್ಟ್ರಾಸೌಂಡ್‌ಗೆ ಅವು ಬಹುಮಟ್ಟಿಗೆ ಕಾಣುವುದಿಲ್ಲ.

ಇದನ್ನು ಅಂಕಿಯಲ್ಲಿ ನೋಡಬೇಕೆಂದರೆ ವೆಂಡಿ ಬರ್ಗ್ ಎಂಬ ರೇಡಿಯಾಲಜಿಸ್ಟ್ ಮುಂದಾಳತ್ವದಲ್ಲಿ ನಡೆದ ಎಸಿಆರ್‌ಐಎನ್ 6666 ಅಧ್ಯಯನ ಇದೆ. ಡೆನ್ಸ್ ಸ್ತನದ ಜೊತೆಗೆ ಅಪಾಯ ಹೆಚ್ಚಿಸುವ ಇನ್ನೊಂದಾದರೂ ಕಾರಣವಿದ್ದ ಹೆಂಗಸರು ಅದರಲ್ಲಿದ್ದರು. ಮೂರು ವರ್ಷ, ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ. 2012ರಲ್ಲಿ ಪೂರ್ತಿ ಫಲಿತಾಂಶ ಹೊರಬಂತು. ಒಟ್ಟು 111 ಕ್ಯಾನ್ಸರ್. ಮ್ಯಾಮೊಗ್ರಾಂನಲ್ಲಿ ಮಾತ್ರ ಕಂಡದ್ದು 33. ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ಕಂಡದ್ದು 32. ಎರಡರಲ್ಲೂ ಕಂಡದ್ದು 26. ಎರಡರಲ್ಲೂ ತಪ್ಪಿಸಿಕೊಂಡು ಎಂಆರ್‌ಐನಲ್ಲಿ ಸಿಕ್ಕಿದ್ದು 9. ಉಳಿದ 11 ಯಾವುದರಲ್ಲೂ ಸಿಗಲಿಲ್ಲ. ಈ 33 ಮತ್ತು 32ರ ಮುಂದೆ ಸ್ವಲ್ಪ ನಿಲ್ಲಿ. ಯಾವ ಒಂದನ್ನು ಬಿಟ್ಟಿದ್ದರೂ ನಷ್ಟ ಹೆಚ್ಚುಕಮ್ಮಿ ಒಂದೇ ಆಗುತ್ತಿತ್ತು. ಇನ್ನೊಂದು ಮಾತು: ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ಸಿಕ್ಕ 32ರಲ್ಲಿ 30 ನಾಳದ ಗೋಡೆ ದಾಟಿ ಹರಡಲು ಶುರುಮಾಡಿದ್ದ ಬಗೆಯವು. ಸುಮ್ಮನೆ ಬಿಟ್ಟರೆ ಬೆಳೆಯುವಂಥವು. ಆದರೆ ಹೆಚ್ಚಿನವು ಇನ್ನೂ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿದ್ದವು, ಕಂಕುಳಿಗೆ ಹೋಗಿರಲಿಲ್ಲ. ಹಿಡಿಯಬೇಕಾದ ಹೊತ್ತಿಗೆ ಹಿಡಿದಂತಾಯಿತು.

ಜಪಾನಿನ ದೊಡ್ಡ ಪ್ರಯೋಗ

ನಮಗೆ ಹೆಚ್ಚು ಹತ್ತಿರದ ಪಾಠ ಇರುವುದು ಜಪಾನಿನಲ್ಲಿ. ಅಲ್ಲಿ ಸ್ತನ ಕ್ಯಾನ್ಸರ್ ನಲವತ್ತರ ಹರೆಯದಲ್ಲೂ ಬಹಳ ಕಾಣಿಸಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಬಹುಪಾಲು ಹೆಂಗಸರ ಸ್ತನ ದಟ್ಟ. 50 ದಾಟಿದ ಯುರೋಪಿನ ಹೆಂಗಸರಿಗೆ ಹೊಂದುವ ಪರೀಕ್ಷೆಯೊಂದನ್ನೇ ತಂದು ಇಲ್ಲಿ ನಡೆಸಿದರೆ ಸಾಕೇ ಎಂಬ ಪ್ರಶ್ನೆ ಅಲ್ಲಿನ ಡಾಕ್ಟರುಗಳಿಗೆ ಬಂತು. ತೊಹೊಕು ವಿಶ್ವವಿದ್ಯಾಲಯದ ನೊರಿಯಾಕಿ ಓಉಚಿ ಅವರ ಮುಂದಾಳತ್ವದಲ್ಲಿ 2007ರಿಂದ 2011ರವರೆಗೆ 40ರಿಂದ 49 ವಯಸ್ಸಿನ 72,998 ಹೆಂಗಸರನ್ನು ಸೇರಿಸಿಕೊಂಡರು. ಅರ್ಧ ಜನಕ್ಕೆ ಮ್ಯಾಮೊಗ್ರಾಂ ಮಾತ್ರ, ಇನ್ನರ್ಧಕ್ಕೆ ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್. ಅಪಾಯ ಹೆಚ್ಚಿರುವವರನ್ನೇ ಆರಿಸಿಕೊಂಡಿರಲಿಲ್ಲ, ಸಾಮಾನ್ಯ ಹೆಂಗಸರು. ಜೆ-ಸ್ಟಾರ್ಟ್ ಅಂತ ಇದರ ಹೆಸರು. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಮ್ಯಾಮೊಗ್ರಾಂ ಮಾತ್ರ ಮಾಡಿದ ಗುಂಪಿನಲ್ಲಿ 117 ಕ್ಯಾನ್ಸರ್ ಸಿಕ್ಕವು. ಎರಡೂ ಮಾಡಿದ ಗುಂಪಿನಲ್ಲಿ 184. ಇದ್ದ ಕ್ಯಾನ್ಸರ್‌ಗಳನ್ನು ಹಿಡಿಯುವ ಶಕ್ತಿ ಶೇ 77ರಿಂದ ಶೇ 91ಕ್ಕೆ ಏರಿತು. ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ. ಪರೀಕ್ಷೆ ನಾರ್ಮಲ್ ಅಂತ ಬಂದು, ಮುಂದಿನ ಪರೀಕ್ಷೆಗೆ ಮೊದಲೇ ಹೊರಬೀಳುವ ಕ್ಯಾನ್ಸರ್‌ಗಳು ಇರುತ್ತವೆ. ಕಪೆಲ್ಲೊ ಅವರಿಗೆ ಆದದ್ದು ಇದೇ. ಇಂಥವು ಮೊದಲ ಗುಂಪಿನಲ್ಲಿ 35 ಇದ್ದವು, ಎರಡನೇ ಗುಂಪಿನಲ್ಲಿ 18. ಸುಳ್ಳು ಸಮಾಧಾನ ಹೊತ್ತು ಮನೆಗೆ ಹೋದವರ ಸಂಖ್ಯೆ ಅರ್ಧಕ್ಕೆ ಇಳಿಯಿತು ಅಂದ ಹಾಗಾಯಿತು.

ಜೆ-ಸ್ಟಾರ್ಟ್‌ನಲ್ಲಿ ಸ್ಕ್ಯಾನ್ ಮಾಡುವವರಿಗೆ ಒಂದೇ ಬಗೆಯ ತರಬೇತಿ ಕೊಟ್ಟಿದ್ದರು, ಏನನ್ನು ಹೇಗೆ ಬರೆಯಬೇಕು ಅನ್ನುವುದಕ್ಕೂ ನಿಯಮವಿತ್ತು. ಇದು ಸಣ್ಣ ವಿಷಯವಲ್ಲ. ಅಲ್ಟ್ರಾಸೌಂಡ್ ಪೂರ್ತಿಯಾಗಿ ಮಾಡುವವರ ಕೈಯಲ್ಲಿದೆ. ಪ್ರೋಬ್ ಎಲ್ಲಿ ಹೋಗಲಿಲ್ಲವೋ ಅಲ್ಲಿನ ಚಿತ್ರ ಆಮೇಲೆ ಯಾರಿಗೂ ಸಿಗುವುದಿಲ್ಲ. ಕೈಯ ಮೇಲಿನ ಈ ಅವಲಂಬನೆ ತಪ್ಪಿಸಲು ಇಡೀ ಸ್ತನವನ್ನು ತಾನೇ ಸ್ಕ್ಯಾನ್ ಮಾಡುವ ಯಂತ್ರಗಳು ಬಂದಿವೆ. 2012ರಲ್ಲಿ, ಔಷಧಿ ಮತ್ತು ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಡೆನ್ಸ್ ಸ್ತನದ ತಪಾಸಣೆಗೆಂದೇ ಅಂಥ ಮೊದಲ ಯಂತ್ರವನ್ನು ಒಪ್ಪಿತು.

ಬೆಲೆ ತೆರಬೇಕಾದದ್ದು

ಅಲ್ಟ್ರಾಸೌಂಡ್ ಕಪ್ಪಗಿರುವುದನ್ನೆಲ್ಲ ತೋರಿಸುತ್ತದೆ. ಸಿಸ್ಟ್, ಫೈಬ್ರೊಅಡಿನೋಮ (ಕ್ಯಾನ್ಸರ್ ಅಲ್ಲದ ಗಡ್ಡೆ), ಒಂದಿಷ್ಟು ಕೊಬ್ಬಿನ ಉಂಡೆ. ಇವುಗಳಲ್ಲಿ ಕೆಲವು ಅನುಮಾನ ಹುಟ್ಟಿಸುತ್ತವೆ. ಬರ್ಗ್ ಅವರ ಅಧ್ಯಯನದ ಮೊದಲ ಸುತ್ತಿನಲ್ಲಿ, ಅಲ್ಟ್ರಾಸೌಂಡ್ ನೋಡಿ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ ಎಂದವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಮಾತ್ರ ಕ್ಯಾನ್ಸರ್ ಇತ್ತು. ಮ್ಯಾಮೊಗ್ರಾಂ ನೋಡಿ ಬಯಾಪ್ಸಿ ಹೇಳಿದವರಲ್ಲಿ ಇದು ನೂರಕ್ಕೆ 23ರ ಹತ್ತಿರ. ಜಪಾನಿನಲ್ಲೂ, ಕ್ಯಾನ್ಸರ್ ಇಲ್ಲದ ನೂರು ಹೆಂಗಸರಲ್ಲಿ, ಮ್ಯಾಮೊಗ್ರಾಂ ಮಾತ್ರ ಮಾಡಿದಾಗ ಸುಮಾರು 9 ಮಂದಿಯನ್ನು ಮತ್ತೆ ಕರೆದರೆ, ಅಲ್ಟ್ರಾಸೌಂಡ್ ಸೇರಿಸಿದಾಗ 12 ಮಂದಿಯನ್ನು ಕರೆಯಬೇಕಾಯಿತು. ಸೂಜಿ ಹಾಕಿಸಿಕೊಂಡು, ರಿಪೋರ್ಟಿಗಾಗಿ ಕಾಯುವ ದಿನಗಳು ಎಷ್ಟು ಉದ್ದ ಅನ್ನುವುದು ಕಾದವರಿಗೇ ಗೊತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಕ್ಕಳ ಮುಖ ನೋಡಿದರೆ ಅಳು. ಈ ಸಂಕಟವನ್ನು ಬರೀ 'ಫಾಲ್ಸ್ ಪಾಸಿಟಿವ್' ಅಂತ ಕರೆದು ಮುಂದೆ ಹೋಗುವುದು ಸರಿಯಲ್ಲ. ಪರೀಕ್ಷೆಗೆ ಹೋಗುವ ಮುಂಚೆಯೇ ಇದು ಗೊತ್ತಿದ್ದರೆ, ಮತ್ತೆ ಕರೆದಾಗ ಅರ್ಧ ಭಯ ಕಮ್ಮಿಯಾಗುತ್ತದೆ.

ಈ ಸಂದರ್ಭಕ್ಕೆ ಬಿ-ರಾಡ್ಸ್ ಅಂಕಿಗಳನ್ನು ತಿಳಿದಿದ್ದರೆ ಒಳ್ಳೆಯದು. ದಟ್ಟಣೆಯ ಅಕ್ಷರ ಬೇರೆ, ಈ ಅಂಕಿ ಬೇರೆ. 0 ಬಂದರೆ ಕ್ಯಾನ್ಸರ್ ಅಂತಲ್ಲ, ಇನ್ನೂ ನೋಡಬೇಕು ಅಂತ. ಡೆನ್ಸ್ ಇರುವವರಿಗೆ ಇದು ಬರುವುದು ಮಾಮೂಲು, ಮುಂದಿನ ಹೆಜ್ಜೆ ಹೆಚ್ಚಾಗಿ ಅಲ್ಟ್ರಾಸೌಂಡೇ. 1 ಮತ್ತು 2 ಬಂದರೆ ಚಿಂತೆಯಿಲ್ಲ. 3 ಬಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಮತ್ತು 5ಕ್ಕೆ ಬಯಾಪ್ಸಿ.

ಇನ್ನೂ ದೊಡ್ಡ ಪ್ರಶ್ನೆ, ಇದರಿಂದ ಜೀವ ಉಳಿಯುತ್ತದೆಯೇ ಅನ್ನುವುದು. ಹೆಚ್ಚು ಕ್ಯಾನ್ಸರ್ ಸಿಗುವುದು ಸಾಬೀತಾಗಿದೆ, ಬೇಗ ಸಿಗುವುದೂ ಸಾಬೀತಾಗಿದೆ. ಸಾವಿನ ಸಂಖ್ಯೆ ಇಳಿಯುತ್ತದೆ ಎಂದು ತೋರಿಸಲು ಹತ್ತಾರು ವರ್ಷ ಹಿಂದೆ ಬಿದ್ದು ನೋಡಬೇಕು. ಈ ಕಾರಣಕ್ಕೇ ಅಮೆರಿಕದ ತಜ್ಞರ ಸಮಿತಿ 2024ರಲ್ಲಿ, ಡೆನ್ಸ್ ಇರುವವರಿಗೆಲ್ಲ ಅಲ್ಟ್ರಾಸೌಂಡ್ ಮಾಡಿ ಎನ್ನಲು ಪುರಾವೆ ಸಾಲದು ಎಂದಿತು. ಬೇಡ ಎಂದೂ ಹೇಳಲಿಲ್ಲ.

ಅಲ್ಟ್ರಾಸೌಂಡ್‌ಗಿಂತ ಚುರುಕಾದ ಪರೀಕ್ಷೆಗಳೂ ಇವೆ. ಬ್ರಿಟನ್ನಿನ ಬ್ರೇಡ್ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಮ್ಯಾಮೊಗ್ರಾಂ ನಾರ್ಮಲ್ ಬಂದ, ಡೆನ್ಸ್ ಸ್ತನದ ಹೆಂಗಸರನ್ನು ಅದರಲ್ಲಿ ನೋಡಿದರು. ಸ್ವಯಂಚಾಲಿತ ಅಲ್ಟ್ರಾಸೌಂಡ್‌ನಲ್ಲಿ ಸಾವಿರಕ್ಕೆ 4 ಕ್ಯಾನ್ಸರ್ ಸಿಕ್ಕರೆ, ಚುಟುಕು ಎಂಆರ್‌ಐನಲ್ಲಿ ಸಾವಿರಕ್ಕೆ 17, ಗಡ್ಡೆ ಎದ್ದು ಕಾಣಲೆಂದು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಗೆಯುವ ಮ್ಯಾಮೊಗ್ರಾಂನಲ್ಲಿ 19. ವ್ಯತ್ಯಾಸ ದೊಡ್ಡದು. ಆದರೆ ಇವೆರಡಕ್ಕೂ ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಡಬೇಕು, ಖರ್ಚು ಹೆಚ್ಚು, ಎಲ್ಲ ಊರಲ್ಲೂ ಇಲ್ಲ. ಅಲ್ಟ್ರಾಸೌಂಡ್ ನಮ್ಮ ತಾಲ್ಲೂಕು ಊರುಗಳಲ್ಲೂ ಇದೆ. ಸಿಗುವ ಪರೀಕ್ಷೆಗೆ ಒಂದು ಬೆಲೆ ಇದ್ದೇ ಇದೆ, ಅಲ್ವಾ?

ನಮ್ಮಲ್ಲಿ ಏನು ಮಾಡಬಹುದು

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ರೋಗಿಗಳು, ಒಂದು ಲಕ್ಷದ ಹತ್ತಿರ ಸಾವು. ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ನಮ್ಮವರಿಗೆ ಬರುತ್ತದೆ. ಅಂದರೆ ಸ್ತನ ಇನ್ನೂ ದಟ್ಟವಾಗಿರುವ ವಯಸ್ಸಿನಲ್ಲೇ. ಜಪಾನಿನ ಪಾಠ ನಮಗೆ ಹತ್ತಿರ ಎಂದದ್ದು ಇದಕ್ಕೆ.

ಸರ್ಕಾರದ ಕಾರ್ಯಕ್ರಮದಲ್ಲಿ ಎಲ್ಲರಿಗೂ ಮ್ಯಾಮೊಗ್ರಾಂ ಇಲ್ಲ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಪರೀಕ್ಷೆ ಮಾಡಬೇಕು ಎಂಬುದು ನಿಯಮ. ಇದನ್ನು ಹಗುರಾಗಿ ಕಾಣಬೇಡಿ. ಮುಂಬೈನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರ ಮೇಲೆ 20 ವರ್ಷ ನಡೆಸಿದ ಅಧ್ಯಯನದಲ್ಲಿ, ಕೈ ಪರೀಕ್ಷೆಯಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 30ರ ಹತ್ತಿರ ಕಮ್ಮಿಯಾಯಿತು. ಆಶಾ ಕಾರ್ಯಕರ್ತೆ ಬಂದು ಕರೆದರೆ ಹೋಗಿ.

ಮ್ಯಾಮೊಗ್ರಾಂ ಮಾಡಿಸಲು ಸಾಧ್ಯವಿರುವವರಿಗೆ ನನ್ನ ಮಾತು ಇಷ್ಟು. ನಲವತ್ತು ದಾಟಿದ್ದು ರಿಪೋರ್ಟಿನಲ್ಲಿ ಸಿ ಅಥವಾ ಡಿ ಇದ್ದರೆ, 'ನನಗೆ ಅಲ್ಟ್ರಾಸೌಂಡ್ ಸೇರಿಸಬೇಕೇ?' ಎಂದು ಡಾಕ್ಟರ ಹತ್ತಿರ ನೇರವಾಗಿ ಕೇಳಿ. ಡಿ ಇದ್ದರಂತೂ ಬಿಡದೆ ಕೇಳಿ. ನಮ್ಮ ಹಲವು ಸೆಂಟರ್‌ಗಳಲ್ಲಿ ಸೋನೋಮ್ಯಾಮೊಗ್ರಾಂ ಎಂಬ ಹೆಸರಿನಲ್ಲಿ ಇದನ್ನು ಅದೇ ದಿನ ಮಾಡಿಕೊಡುತ್ತಾರೆ. ಎ ಅಥವಾ ಬಿ ಇದ್ದು, ಮನೆಯಲ್ಲಿ ಯಾರಿಗೂ ಈ ರೋಗ ಬಂದಿಲ್ಲದಿದ್ದರೆ ಸಾಮಾನ್ಯವಾಗಿ ಮ್ಯಾಮೊಗ್ರಾಂ ಸಾಕು. ಅಮ್ಮನಿಗೋ ಅಕ್ಕನಿಗೋ ತಂಗಿಗೋ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಮನೆತನದಲ್ಲಿ ಬಿಆರ್‌ಸಿಎ ಜೀನಿನ ದೋಷ ಇದ್ದರೆ, ಅಲ್ಟ್ರಾಸೌಂಡ್‌ಗೆ ನಿಲ್ಲಬೇಡಿ. ಅಂಥವರಿಗೆ ಎಂಆರ್‌ಐ ಬೇಕಾಗುತ್ತದೆ, ಅದೂ ನಲವತ್ತಕ್ಕೆ ಕಾಯದೆ.

ಇದೆಲ್ಲ ಯಾವ ತೊಂದರೆಯೂ ಇಲ್ಲದವರ ಮಾತು. ಕೈಗೆ ಗಂಟು ಸಿಕ್ಕಿದರೆ, ಮೊಲೆತೊಟ್ಟು ಒಳಕ್ಕೆ ಸೇದಿಕೊಂಡರೆ, ರಕ್ತ ಜಿನುಗಿದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾದರೆ, ಅದು ಬೇರೆ ದಾರಿ. ಹಿಂದಿನ ತಿಂಗಳು ಮ್ಯಾಮೊಗ್ರಾಂ ನಾರ್ಮಲ್ ಬಂದಿತ್ತು ಎಂದು ಸುಮ್ಮನಿರಬೇಡಿ. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎರಡೂ ನಾರ್ಮಲ್ ಇದ್ದರೂ ಗಂಟು ಅನುಮಾನಾಸ್ಪದವಾಗಿ ಕೈಗೆ ಸಿಗುತ್ತಿದ್ದರೆ ಬಯಾಪ್ಸಿ ಮಾಡಬೇಕಾಗಬಹುದು. ನಲವತ್ತರೊಳಗಿನವರಿಗೆ ಗಂಟು ಕಂಡರೆ ಡಾಕ್ಟರು ಹೆಚ್ಚಾಗಿ ಅಲ್ಟ್ರಾಸೌಂಡ್‌ನಿಂದಲೇ ಶುರುಮಾಡುತ್ತಾರೆ.

ಹೋಗುವ ದಿನದ ಬಗ್ಗೆ ಒಂದೆರಡು ಮಾತು. ಮುಟ್ಟಾಗುವವರು ಮುಟ್ಟು ಮುಗಿದ ನಂತರದ ವಾರ ಹೋದರೆ ಒತ್ತುವಾಗ ನೋವು ಕಮ್ಮಿ. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ, ಅದರ ಕಣಗಳು ಕ್ಯಾಲ್ಸಿಯಂ ಚುಕ್ಕೆಯ ಹಾಗೆ ಕಾಣುತ್ತವೆ. ಬಿಡಿಯಾದ ಕುಪ್ಪಸ ಅಥವಾ ಟಾಪ್ ಹಾಕಿಕೊಂಡರೆ ಅನುಕೂಲ. ಹಳೆಯ ಮ್ಯಾಮೊಗ್ರಾಂ ಫಿಲಂ, ಸಿಡಿ ಇದ್ದರೆ ತಪ್ಪದೆ ಒಯ್ಯಿರಿ, ಹೋದ ಸಲ ಇಲ್ಲದ್ದು ಈಗ ಬಂದಿದೆಯೇ ಎಂದು ನೋಡಲು ಅದೇ ಬೇಕು. ಅಲ್ಟ್ರಾಸೌಂಡ್ ಬೇರೆ ಕಡೆ ಮಾಡಿಸುವುದಾದರೆ, ಅಲ್ಲಿ ಸ್ತನಕ್ಕೆ ಬಳಸುವ ಹೈ-ಫ್ರೀಕ್ವೆನ್ಸಿ ಲೀನಿಯರ್ ಪ್ರೋಬ್ ಇದೆಯೇ ಎಂದು ಫೋನ್ ಮಾಡಿ ಕೇಳಿ, ಹೊಟ್ಟೆಯ ಸ್ಕ್ಯಾನಿಂಗ್ ಪ್ರೋಬ್ ಇದಕ್ಕೆ ಆಗುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಮ್ಯಾಮೊಗ್ರಾಂ ಚಿತ್ರ ತೋರಿಸಿ. ಎರಡನ್ನೂ ಒಟ್ಟಿಗೆ ನೋಡಿ ಒಂದೇ ಬಿ-ರಾಡ್ಸ್ ಅಂಕಿ ಬರೆದುಕೊಡಲು ಕೇಳಿಕೊಳ್ಳಿ. ದಟ್ಟಣೆಯ ಅಕ್ಷರ ರಿಪೋರ್ಟಿನಲ್ಲಿ ಬಿಟ್ಟುಹೋಗಿದ್ದರೆ ಕೌಂಟರ್ ಬಿಟ್ಟು ಬರುವ ಮುಂಚೆಯೇ ಬರೆಸಿಕೊಳ್ಳಿ.